ಬೆಸಗರಹಳ್ಳಿ ಎಂದರೆ 30 ಬೈಟು

2007ರ ಸೆಪ್ಟೆಂಬರ್. ಗೂಗಲ್‌ನಲ್ಲಿ ರಾಬ್ ಪೈಕ್ ಒಂದು ಭಾರೀ ಸಿ ಪ್ಲಸ್ ಪ್ಲಸ್ ಪ್ರೋಗ್ರಾಮಿನಲ್ಲಿ ಸಣ್ಣ ತಿದ್ದುಪಡಿ ಮಾಡುತ್ತಿದ್ದರು. ತಿದ್ದುತ್ತಿದ್ದದ್ದು ಅಷ್ಟಿಷ್ಟು. ಅದು ಕಂಪೈಲ್ ಆಗಿ ಕೈಗೆ ಬರಲು ಮಾತ್ರ ಪ್ರತಿ ಸಲವೂ ಸುಮಾರು 45 ನಿಮಿಷ, ಅದೂ ಎಷ್ಟೋ ಯಂತ್ರಗಳು ಒಟ್ಟಿಗೆ ದುಡಿದು. ನಾವು ಬರೆದ ಸಾಲುಗಳನ್ನು ಯಂತ್ರದ ಆದೇಶಗಳಾಗಿ ಮೊದಲೇ ಬದಲಿಸಿಡುವ ತಂತ್ರಾಂಶವೇ ಕಂಪೈಲರ್. ಅದಕ್ಕೆ ಇಷ್ಟೊಂದು ಹೊತ್ತು ಏಕೆ ಹಿಡಿಯುತ್ತಿತ್ತು?

ಉತ್ತರ ಒಂದು ಅಳತೆಯಲ್ಲಿತ್ತು. ಗೂಗಲ್‌ನ ಅಂಥದೊಂದು ಪ್ರೋಗ್ರಾಮಿನಲ್ಲಿ ಇದ್ದದ್ದು ಸುಮಾರು 2,000 ಕಡತ, ಒಟ್ಟು 4.2 ಮೆಗಾಬೈಟ್. ಆದರೆ ಒಂದು ಕಡತ ಇನ್ನೊಂದನ್ನು ನೆಚ್ಚಿದರೆ ಸಿ ಪ್ಲಸ್ ಪ್ಲಸ್ ಆ ಇನ್ನೊಂದರ ಪಠ್ಯವನ್ನು ತಂದು ಇಲ್ಲಿ ಸುರಿಯುತ್ತದೆ. ಅದು ನೆಚ್ಚಿದ್ದು, ಆ ನೆಚ್ಚಿದ್ದು ನೆಚ್ಚಿದ್ದು, ಎಲ್ಲವೂ ಹಿಂದೆಯೇ ಬರುತ್ತವೆ. ಕೊನೆಗೆ ಕಂಪೈಲರ್ ಓದಬೇಕಾಗಿ ಬಂದದ್ದು 8 ಗಿಗಾಬೈಟಿಗೂ ಹೆಚ್ಚು! ಬರೆದ ಒಂದೊಂದು ಬೈಟಿಗೆ ಎರಡು ಸಾವಿರ ಬೈಟು ಓದು.

ಕಂಪೈಲ್ ಆಗಲೆಂದು ಕಾಯುವ ಬಿಡುವಿನಲ್ಲೇ ಪೈಕ್ ಪಕ್ಕದಲ್ಲಿದ್ದ ಸಹೋದ್ಯೋಗಿ ರಾಬರ್ಟ್ ಗ್ರೀಸೆಮರ್ ಜೊತೆ ಮಾತಿಗಿಳಿದರು. ಯುನಿಕ್ಸ್ ಕಟ್ಟಿದ ಕೆನ್ ಥಾಮ್ಸನ್ ಕೂಡಿಕೊಂಡರು. ಸೆಪ್ಟೆಂಬರ್ 21ರಂದು ಬಿಳಿ ಹಲಗೆಯ ಮೇಲೆ ಹೊಸ ಭಾಷೆಯೊಂದರ ಗುರಿಗಳನ್ನು ಬರೆದರು. ಅದೇ ಗೋ. ಅದರಲ್ಲಿ ನೆಚ್ಚಿದ ಕಡತದ ಪಠ್ಯ ಮತ್ತೆ ಬರುವುದಿಲ್ಲ. ಆ ಭಾಗ ಹೊರಗಿನವರಿಗೆ ಏನೇನು ಕೊಡುತ್ತದೆ ಎಂಬ ಸಾರಾಂಶವಷ್ಟೇ ಬರುತ್ತದೆ. ತರಿಸಿಕೊಂಡು ಬಳಸದೇ ಬಿಟ್ಟರೆ ಅದು ತಪ್ಪು, ಕಂಪೈಲ್ ಆಗುವುದಿಲ್ಲ. ಎರಡು ಭಾಗಗಳು ಪರಸ್ಪರ ನೆಚ್ಚಿ ಸುತ್ತು ಹಾಕುವಂತೆಯೂ ಇಲ್ಲ. ಕಲಿಯುವವರಿಗೆ ಮೊದಲ ವಾರ ಇದು ಕಿರಿಕಿರಿ ಎನಿಸಬಹುದು. ನನಗಂತೂ ಈ ಕಟ್ಟುನಿಟ್ಟೇ ಗೋ ಭಾಷೆಯ ನಿಜವಾದ ಶೋಧ. ಭಾಷೆ ಲೋಕಕ್ಕೆ ತೆರೆದದ್ದು 2009ರ ನವೆಂಬರ್ 10ರಂದು, ಮೊದಲ ಸ್ಥಿರ ಆವೃತ್ತಿ ಬಂದದ್ದು 2012ರ ಮಾರ್ಚ್‌ನಲ್ಲಿ.

ಈ ಮೂವರಲ್ಲಿ ಇಬ್ಬರಿಗೆ ಕನ್ನಡಿಗರಾದ ನಾವು ಇನ್ನೂ ಹಳೆಯ ಋಣಿಗಳು. 1992ರ ಸೆಪ್ಟೆಂಬರಿನ ಒಂದು ಸಂಜೆ, ನ್ಯೂಜೆರ್ಸಿಯ ಊಟದ ಹೋಟೆಲಿನಲ್ಲಿ, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಥಾಮ್ಸನ್ ಎಲ್ಲ ಲಿಪಿಗಳನ್ನೂ ಬೈಟುಗಳಾಗಿ ಬರೆಯುವ ಯುಟಿಎಫ್-8 ಸಂಕೇತಕ್ರಮವನ್ನು ರೂಪಿಸಿದರು, ಎದುರಿಗಿದ್ದವರು ಪೈಕ್. ಇವತ್ತು ಫೋನಿನಲ್ಲಿ ಕನ್ನಡ ಓಡಾಡುತ್ತಿರುವುದು ಆ ಕ್ರಮದಲ್ಲೇ. ಗೋ ಕಡತಗಳೆಲ್ಲ ಹುಟ್ಟಿನಿಂದಲೇ ಯುಟಿಎಫ್-8.

ಕತೆಗಾರ ಬೆಸಗರಹಳ್ಳಿ ರಾಮಣ್ಣನವರ ಊರನ್ನೇ ತೆಗೆದುಕೊಳ್ಳಿ. ಮದ್ದೂರು ತಾಲೂಕಿನ ಆ ಊರಲ್ಲಿ ಒಬ್ಬ ಹುಡುಗಿ ಲ್ಯಾಪ್‌ಟಾಪಿಗೆ ಗೋ ಇಳಿಸಿಕೊಂಡು ‘ಬೆಸಗರಹಳ್ಳಿ’ಯ ಉದ್ದ ಎಷ್ಟು ಎಂದು ‘ಲೆನ್’ ಆದೇಶಕ್ಕೆ ಕೇಳಿದರೆ ಸಿಗುವ ಉತ್ತರ 30. ಒಂದೊಂದು ಕನ್ನಡ ಸಂಕೇತಕ್ಕೂ ಮೂರು ಬೈಟು. ‘ರೇಂಜ್’ ಹಾಕಿ ಒಂದೊಂದಾಗಿ ನಡೆಸಿದರೆ 10 ಸಂಕೇತ, ಎಕಾರ, ಇಕಾರದ ಚಿಹ್ನೆಗಳೂ ಒತ್ತಿಗೆ ಮುಂಚಿನ ವಿರಾಮವೂ ಸೇರಿ. ಕಣ್ಣಿಗೆ ಕಾಣುವ ಅಕ್ಷರ ಆರೇ. ಕನ್ನಡ ಪಠ್ಯದೊಡನೆ ಕೆಲಸ ಮಾಡುವವರು ಮೊದಲ ದಿನವೇ ಈ ಮೂರು ಲೆಕ್ಕಗಳನ್ನು ಬೇರೆ ಬೇರೆಯಾಗಿ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಆದರೆ ಅದೇ ಹೆಸರನ್ನು ಪ್ರೋಗ್ರಾಮಿನೊಳಗೆ ಚರಾಕ್ಷರದ ಹೆಸರಾಗಿ ಇಡಲಾಗದು. ‘ಮನ’ ಎಂದು ಇಡಬಹುದು, ‘ಮನೆ’ ಎಂದು ಇಡುವಂತಿಲ್ಲ. ಸ್ವರಚಿಹ್ನೆಗಳು ಲಿಪಿಗಳ ಜಾಗತಿಕ ಮಾನಕವಾದ ಯೂನಿಕೋಡ್ ಪ್ರಕಾರ ಪೂರ್ಣ ಅಕ್ಷರಗಳಲ್ಲ, ಕೂಡುವ ಗುರುತುಗಳು. ಅವನ್ನು ಹೆಸರುಗಳಿಂದ ಬೇಕೆಂದೇ ಹೊರಗಿಟ್ಟಿರುವುದಾಗಿ ಗೋ ತಂಡ ಹೇಳಿಕೊಂಡಿದೆ. ಯುಟಿಎಫ್-8 ಕೊಟ್ಟವರ ಭಾಷೆಯಲ್ಲೇ ಈ ಬಾಗಿಲು ಮುಚ್ಚಿರುವುದು ನನಗೆ ನೋವಿನ ಸಂಗತಿ.

ಆವೃತ್ತಿಯ ಗುರುತಿನೊಂದಿಗೆ ಹಂಚುವ ಗೋ ಕಡತಗಳ ಕಟ್ಟೇ ಮಾಡ್ಯೂಲ್. ಈ ಮಾಡ್ಯೂಲುಗಳ ಕತೆ ತಡವಾಗಿ ಶುರುವಾಯಿತು. ಮೊದಲ ವರ್ಷಗಳಲ್ಲಿ ‘ಗೋ ಗೆಟ್’ ಆದೇಶ ಬೇರೆಯವರ ಭಂಡಾರದಿಂದ ಆ ಕ್ಷಣದಲ್ಲಿದ್ದ ಹೊಸ ರೂಪವನ್ನು ತರುತ್ತಿತ್ತು. ಅವರು ನಿನ್ನೆ ಒಂದು ಸಾಲು ಬದಲಿಸಿದ್ದರೆ ಇವತ್ತು ನಿಮ್ಮ ಪ್ರೋಗ್ರಾಮು ನಿಂತುಹೋಗಬಹುದು. 2018ರ ಫೆಬ್ರವರಿಯಲ್ಲಿ ಗೋ ತಂಡದ ರಸ್ ಕಾಕ್ಸ್ ಹೊಸ ದಾರಿ ಮುಂದಿಟ್ಟರು. ಅದು ಅದೇ ವರ್ಷದ ಆಗಸ್ಟ್‌ನಲ್ಲಿ ಗೋ 1.11ರೊಂದಿಗೆ ಪ್ರಯೋಗಕ್ಕೆ ಬಂತು, 2021ರ 1.16ರ ಹೊತ್ತಿಗೆ ರೂಢಿಯ ಕ್ರಮವಾಯಿತು. ಕಡತಕೋಶದಲ್ಲಿ ‘ಗೋ ಮಾಡ್ ಇನಿಟ್’ ಎಂದು ಹೆಸರು ಕೊಟ್ಟರೆ ‘ಗೋ.ಮಾಡ್’ ಹುಟ್ಟುತ್ತದೆ. ಆ ಹೆಸರು ಊರಿನದೇ ಆಗಿದ್ದರೆ ಇಲ್ಲೂ ಅದನ್ನು ರೋಮನ್ ಲಿಪಿಯಲ್ಲೇ ಕೊಡಬೇಕು. ಯಾವ ಮಾಡ್ಯೂಲಿನ ಯಾವ ಆವೃತ್ತಿ ಬೇಕು ಎಂಬುದು ‘ಗೋ.ಮಾಡ್’ ಒಳಗೆ ಇರುತ್ತದೆ. ತಂದ ಮಾಲಿನ ಗುರುತುಮುದ್ರೆ ‘ಗೋ.ಸಮ್’ನಲ್ಲಿ. ಮುದ್ರೆ ಹೊಂದದಿದ್ದರೆ ಕೆಲಸ ಅಲ್ಲೇ ನಿಲ್ಲುತ್ತದೆ.

ಕಾಕ್ಸ್ ಅವರ ನಿಜವಾದ ಹೊಳಹು ಆವೃತ್ತಿಯ ಆಯ್ಕೆಯಲ್ಲಿತ್ತು. ನೀವು ನೆಚ್ಚಿದ ಒಂದು ಮಾಡ್ಯೂಲ್ ಮೂರನೆಯದೊಂದರ ಬಗ್ಗೆ ‘ನನಗೆ ಕನಿಷ್ಠ 1.2 ಬೇಕು’ ಎನ್ನುತ್ತದೆ, ಇನ್ನೊಂದು ಅದರದೇ ‘ಕನಿಷ್ಠ 1.4’ ಎನ್ನುತ್ತದೆ. ಪೇಟೆಯಲ್ಲಿ 1.9 ಬಂದಿದ್ದರೂ ಗೋ ಆರಿಸುವುದು 1.4ನ್ನೇ. ಎಲ್ಲರ ಕನಿಷ್ಠ ಬೇಡಿಕೆಗಳಲ್ಲಿ ದೊಡ್ಡದನ್ನು ಹಿಡಿದರೆ ಸಾಕು. ಹಾಗಾಗಿ ಇವತ್ತು ಮದ್ದೂರಿನಲ್ಲಿ ಕಟ್ಟಿದ್ದನ್ನು ಆರು ತಿಂಗಳ ಮೇಲೆ ಮಳವಳ್ಳಿಯಲ್ಲಿ ಕಟ್ಟಿದರೂ ಅದೇ ಆವೃತ್ತಿಗಳು ಬರುತ್ತವೆ.

ಈ ವ್ಯವಸ್ಥೆಗೆ ಕನ್ನಡವೂ ಸೇರಿಕೊಂಡಿದೆ. ವಿ. ಕೃಷ್ಣ ಎಂಬ ನಿಘಂಟುಕಾರರು ಒಬ್ಬರೇ ನಾಲ್ಕು ದಶಕ ಕುಳಿತು ಒಂದೂವರೆ ಲಕ್ಷಕ್ಕೂ ಹೆಚ್ಚು ಕನ್ನಡ ಪದಗಳಿಗೆ ಇಂಗ್ಲಿಷ್ ಅರ್ಥ ಕೂಡಿಸಿದರು. 2019ರಲ್ಲಿ ಅದು ‘ಅಲರ್’ ಹೆಸರಿನಲ್ಲಿ ಎಲ್ಲರಿಗೂ ಮುಕ್ತವಾಯಿತು. ಅದನ್ನು ಹುಡುಕುವಂತೆ ಮಾಡಿದವರು ಬೆಂಗಳೂರಿನ ಝೆರೋಧಾ ಸಂಸ್ಥೆಯ ತಾಂತ್ರಿಕ ಮುಖ್ಯಸ್ಥ ಕೈಲಾಶ್ ನಾಧ್. ಮಲಯಾಳಕ್ಕೆಂದು ತಾವೇ ಬರೆದಿದ್ದ ಕ್ರಮವನ್ನು ಕನ್ನಡಕ್ಕೆ ಹೊಂದಿಸಿ ಅವರು ‘ಕೆಎನ್‌ಫೋನ್’ ಎಂಬ ಗೋ ಗ್ರಂಥಾಲಯ ಬರೆದರು. ಅದು ಒಂದು ಪದದ ಉಚ್ಚಾರಕ್ಕೆ ಮೂರು ಕೀಲಿಗಳನ್ನು ಕೊಡುತ್ತದೆ, ಒಂದು ಸಡಿಲ, ಒಂದು ಮಧ್ಯಮ, ಒಂದು ಬಿಗಿ. ಕಾಗುಣಿತ ತಪ್ಪಿ ಹುಡುಕಿದವರಿಗೂ ಹತ್ತಿರದ ಪದ ಸಿಗುವುದು ಇದರಿಂದ.

ಬೆಸಗರಹಳ್ಳಿಯ ಹುಡುಗಿಗೆ ನಾನು ತೋರಿಸುವ ಕೆಲಸ ಇಲ್ಲಿದೆ. ಆ ಸೀಮೆಯ ಮಾತಿನಲ್ಲಿ ‘ಹಳ್ಳಿ’ ‘ಅಳ್ಳಿ’ಯಾಗುತ್ತದೆ, ‘ಹೋಗು’ ‘ಓಗು’ ಆಗುತ್ತದೆ. ಹಕಾರ ಬಿಟ್ಟ ಪದವನ್ನೂ ಹಿಡಿಯಬೇಕಾದರೆ ಕೆಎನ್‌ಫೋನ್‌ನ ಒಂದು ಪ್ರತಿಯನ್ನು ತನ್ನ ಕಡತಕೋಶಕ್ಕೆ ಇಳಿಸಿಕೊಳ್ಳಲಿ. ‘ಗೋ.ಮಾಡ್’ನಲ್ಲಿ ಒಂದು ‘ರಿಪ್ಲೇಸ್’ ಸಾಲು ಬರೆದರೆ ಹೊರಗಿನ ಮಾಡ್ಯೂಲಿನ ಬದಲು ಆ ಪ್ರತಿಯೇ ಬಳಕೆಗೆ ಬರುತ್ತದೆ. ಪದದ ಆರಂಭದ ಹಕಾರವನ್ನು ಅದರ ಮೇಲಿನ ಸ್ವರದೊಂದಿಗೆ ಸಮ ಮಾಡುವ ನಿಯಮ ಸೇರಿಸಿ, ರಾಮಣ್ಣನವರ ಕತೆಗಳಲ್ಲಿ ಕೇಳುವಂಥ ಮಾತನ್ನು ಅಲರ್‌ನ ಪದಪಟ್ಟಿಯ ಮೇಲೆ ಓಡಿಸಿ ನೋಡಲಿ.