ಅಜೋ ಬಣ್ಣಗಳ ರಸಾಯನ

ಎರಡು ಸಾರಜನಕ ಪರಮಾಣುಗಳು ದ್ವಿಬಂಧದಿಂದ ಬೆಸೆದುಕೊಂಡು, ಎರಡೂ ಬದಿಯಲ್ಲಿ ಬೆಂಜೀನ್‌ನಂಥ ಉಂಗುರಗಳನ್ನು ಹಿಡಿದಿರುವ ಸಂಯುಕ್ತಗಳೇ ಅಜೋ ಬಣ್ಣಗಳು. ಈ ಸೇತುವೆಯುದ್ದಕ್ಕೂ ಎಲೆಕ್ಟ್ರಾನುಗಳು ಹರಡಿಕೊಳ್ಳುವುದರಿಂದ ಅಣು ಗೋಚರ ಬೆಳಕಿನ ಒಂದು ಭಾಗವನ್ನು ಹೀರುತ್ತದೆ. ಉಳಿದದ್ದು ಹಳದಿ, ಕಿತ್ತಳೆ, ಕೆಂಪಾಗಿ ಕಾಣುತ್ತದೆ. 1858ರಲ್ಲಿ ಪೀಟರ್ ಗ್ರೀಸ್ ಕಂಡುಹಿಡಿದ ಡಯಾಜೋ ಕ್ರಿಯೆಯೇ ಇದಕ್ಕೆಲ್ಲ ಬುನಾದಿ.

ತಯಾರಿಕೆಯಂತೂ ನೋಡಲು ಬಲು ಸೊಗಸು. ಅನಿಲೀನನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ, ಮಂಜುಗಡ್ಡೆಯ ನಡುವೆ 0ರಿಂದ 5 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು ಸೋಡಿಯಂ ನೈಟ್ರೈಟ್ ಬೆರೆಸಿದರೆ ಡಯಾಜೋನಿಯಂ ಲವಣ ಸಿಗುತ್ತದೆ. ಬಿಸಿಯೇರಿದರೆ ಅದು ಸಾರಜನಕವನ್ನು ಬಿಟ್ಟು ಒಡೆದುಹೋಗುತ್ತದೆ. ಈ ತಣ್ಣನೆಯ ದ್ರಾವಣವನ್ನು ಕ್ಷಾರದಲ್ಲಿ ಕರಗಿಸಿದ ಬೀಟಾ-ನ್ಯಾಫ್ಥಾಲ್‌ಗೆ ಸುರಿದ ಕೂಡಲೇ ಕಡು ಕಿತ್ತಳೆಗೆಂಪು ಗಷ್ಟು ಕಟ್ಟುತ್ತದೆ.

1884ರಲ್ಲಿ ಬಂದ ಕಾಂಗೋ ರೆಡ್, ಬಣ್ಣಗಚ್ಚಿನ ಹಂಗಿಲ್ಲದೆ ಹತ್ತಿಗೆ ನೇರವಾಗಿ ಹತ್ತಿತು. ಕಾಲೇಜು ಪ್ರಯೋಗಾಲಯದ ಮೀಥೈಲ್ ಆರೆಂಜ್ ಕೂಡ ಇದೇ ಕುಲದ್ದು. ಆಮ್ಲದಲ್ಲಿ ಕೆಂಪು, ಕ್ಷಾರದಲ್ಲಿ ಹಳದಿ. ಸಿಹಿತಿಂಡಿಗಳಿಗೆ ಹಾಕುವ ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೊ ಸಹ ಅಜೋ ಬಣ್ಣಗಳೇ.

ಅಪಾಯವಿರುವುದು ಕೆಲವು ಬಣ್ಣಗಳು ಒಡೆದಾಗ. ಬೆಂಜಿಡೀನ್ ಮೂಲದವು ದೇಹದಲ್ಲಿ ಮತ್ತೆ ಬೆಂಜಿಡೀನನ್ನೇ ಬಿಡುತ್ತವೆ. ಅದು ಮೂತ್ರಕೋಶದ ಕ್ಯಾನ್ಸರ್‌ಗೆ ಕಾರಣವೆಂಬುದು ಖಚಿತ. ಅಂಥ ಬಣ್ಣಗಳನ್ನು ಭಾರತ 1990ರ ದಶಕದಲ್ಲೇ ನಿಷೇಧಿಸಿದ್ದು ಸರಿಯಾದ ಹೆಜ್ಜೆ. ಆಹಾರದ ಬಣ್ಣಗಳ ವಿಷಯದಲ್ಲೂ ಕಡಿವಾಣ ಬಿದ್ದಿದೆ: ಗೋಬಿ ಮಂಚೂರಿಗೆ ಕೃತಕ ಬಣ್ಣ ಬೆರೆಸುವುದನ್ನು ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿತು.