ಸಿಡಿಲು, ದೂರವಾಣಿ ಮತ್ತು ಮನೆಯ ಅರ್ಥಿಂಗ್

ವರದಾ ನದಿಯ ದಂಡೆಯ ಹೊಸರಿತ್ತಿಯಿಂದ ಹಿಡಿದು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯವರೆಗಿನ ನಮ್ಮ ಸೀಮೆಯಲ್ಲಿ ವರ್ಷಕ್ಕೆ ಎರಡು ಸಲ ಸಿಡಿಲಿನ ಕಾಲ ಬರುತ್ತದೆ. ಭರಣಿ, ಕೃತ್ತಿಕೆಗಳ ಅಡ್ಡಮಳೆ ಮೊದಲನೆಯದು. ಚಿತ್ತಾ, ಸ್ವಾತಿ ಮಳೆಗಳದ್ದು ಎರಡನೆಯದು. ನಡುವಿನ ಮುಂಗಾರಿನಲ್ಲಿ ದಿನಗಟ್ಟಲೆ ಜಡಿ ಹಿಡಿದರೂ ಗುಡುಗಿನ ಆರ್ಭಟ ಕಡಿಮೆ. ಬಸವ ಜಯಂತಿ ಬರುವುದು ವೈಶಾಖ ಶುದ್ಧ ತದಿಗೆಯಂದು, ಅಂದರೆ ಅಡ್ಡಮಳೆಯ ದಿನಗಳಲ್ಲಿಯೇ. ಚಪ್ಪರ, ವಿದ್ಯುದ್ದೀಪಗಳ ಸರ, ಧ್ವನಿವರ್ಧಕ ಎಲ್ಲವೂ ಬಯಲಿನಲ್ಲಿರುವ ಹೊತ್ತಿಗೇ ಪಡುವಣದಲ್ಲಿ ಮೋಡ ಕಟ್ಟುವುದನ್ನು ಶರಣ ಬಂಧುಗಳೆಲ್ಲರೂ ಕಂಡಿದ್ದಾರೆ.

ಜೀವಹಾನಿಯ ಮಾತು ಮೊದಲು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸಿದ ಲೆಕ್ಕದಂತೆ 2022ರಲ್ಲಿ ನಮ್ಮ ದೇಶದಲ್ಲಿ ಸಿಡಿಲಿಗೆ ಬಲಿಯಾದವರು 2,887 ಮಂದಿ. ಹೊಲದಲ್ಲಿರುವಾಗ, ಮರದಡಿ ನಿಂತಾಗ ಆಗುವ ಅನಾಹುತಗಳ ಬಗ್ಗೆ ಎಚ್ಚರಿಕೆಯ ಮಾತುಗಳನ್ನು ನಾವು ಪ್ರತಿವರ್ಷ ಕೇಳುತ್ತೇವೆ. ಆದರೆ ಮನೆಯೊಳಗೆ ಕುಳಿತವರ ಬಳಿಗೂ ಸಿಡಿಲು ತಂತಿಯ ದಾರಿಯಿಂದ ಬರುತ್ತದೆಂಬುದನ್ನು ತಿಳಿಸಿ ಹೇಳುವವರು ವಿರಳ. ಈ ಲೇಖನ ಆ ತಂತಿಗಳನ್ನು ಕುರಿತದ್ದು.

ತಂತಿಯ ಭಯ ನಮ್ಮ ಹಿರಿಯರಿಗೆ ಗೊತ್ತಿರಲಿಲ್ಲವೆಂದಲ್ಲ. 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಆರಂಭವಾದ ಮೇಲೆ ಅನುಕೂಲಸ್ಥರ ಮನೆಗಳ ಮಾಳಿಗೆಯ ಮೇಲೆ ರೇಡಿಯೋದ ಏರಿಯಲ್ ತಂತಿಗಳು ಕಾಣಿಸಿಕೊಂಡವು. ಗುಡುಗು ಕೇಳಿದೊಡನೆ ಆ ತಂತಿಯನ್ನು ರೇಡಿಯೋದಿಂದ ಬಿಡಿಸಿ, ನೆಲಕ್ಕೆ ಹೂತ ತಂತಿಗೆ ಸೇರಿಸಿಡುವುದು ಬಲ್ಲವರ ರೂಢಿಯಾಗಿತ್ತು. ಅರ್ಜುನನ ಹತ್ತು ಹೆಸರುಗಳನ್ನು ಜಪಿಸುತ್ತಲೇ ಏರಿಯಲ್ ಕಿತ್ತಿಡುತ್ತಿದ್ದ ಆ ಯಜಮಾನರ ವಿವೇಕ, ಮನೆ ತುಂಬ ಯಂತ್ರಗಳನ್ನು ಇಟ್ಟುಕೊಂಡಿರುವ ನಮಗೆ ಇಲ್ಲವಾಗಿದೆ ಎಂದರೆ ತಪ್ಪಾಗಲಾರದು.

ಹಳ್ಳಿಗಳಿಗೆ ದೂರವಾಣಿ ಬಂದದ್ದು ಆಮೇಲೆ. ಸಿ-ಡಾಟ್ ಸಂಸ್ಥೆ ರೂಪಿಸಿದ ಗ್ರಾಮೀಣ ಸ್ವಯಂಚಾಲಿತ ವಿನಿಮಯ ಕೇಂದ್ರ ಮೊದಲು ಕಾರ್ಯಾರಂಭ ಮಾಡಿದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ. ಆನಂತರದ ವರ್ಷಗಳಲ್ಲಿ ಕಂಬದಿಂದ ಕಂಬಕ್ಕೆ ಹಾಯ್ದ ತಾಮ್ರದ ಜೋಡಿ ತಂತಿಗಳು ಹೊಲಗಳನ್ನು ದಾಟಿ ನಮ್ಮ ಪಡಸಾಲೆಗಳನ್ನು ತಲುಪಿದವು. ಬಯಲಿನಲ್ಲಿ ಮೈಲಿಗಟ್ಟಲೆ ಚಾಚಿದ ತಂತಿ ಸಿಡಿಲಿನ ಪಾಲಿಗೆ ತೆರೆದ ಬಾಗಿಲು. ಸಿಡಿಲು ಆ ತಂತಿಗೇ ಹೊಡೆಯಬೇಕೆಂದಿಲ್ಲ; ಸಮೀಪದ ಮರಕ್ಕೋ ನೆಲಕ್ಕೋ ಬಡಿದರೂ ಅದರ ಪ್ರಭಾವದಿಂದ ತಂತಿಯಲ್ಲಿ ಸಾವಿರಾರು ವೋಲ್ಟಿನ ಅಲೆ ಏಳುತ್ತದೆ. ಒಂದು ಸಿಡಿಲಿನಲ್ಲಿ ಹರಿಯುವ ವಿದ್ಯುತ್ತು ಸಾಮಾನ್ಯವಾಗಿ 30,000 ಆಂಪಿಯರಿನಷ್ಟಿರುತ್ತದೆ. ಮನೆಯ ಸಾಧಾರಣ ಪ್ಲಗ್ಗಿನ ಮಿತಿ 6 ಆಂಪಿಯರ್ ಎಂಬುದನ್ನು ನೆನೆದರೆ ಅದರ ಪ್ರಮಾಣ ತಿಳಿದೀತು. ಆದ್ದರಿಂದ ಗುಡುಗುವಾಗ ತಂತಿಯುಳ್ಳ ದೂರವಾಣಿಯಲ್ಲಿ ಮಾತನಾಡಕೂಡದು. ಅದು ನೇರವಾಗಿ ಕಿವಿಗೆ ಹಚ್ಚಿಕೊಂಡ ತಂತಿ. ಕೈಫೋನು ಸಿಡಿಲನ್ನು ಸೆಳೆಯುತ್ತದೆಂಬ ಮಾತಿಗೆ ಆಧಾರವಿಲ್ಲ. ಆದರೆ ಚಾರ್ಜಿಗೆ ಹಾಕಿದ ಕೈಫೋನು ತಂತಿಯ ದೂರವಾಣಿಗೆ ಸಮಾನವೇ ಸರಿ.

ಸಿಡಿಲಿನ ಮರುದಿನ ಅನೇಕ ಮನೆಗಳಲ್ಲಿ ಒಂದು ಸೋಜಿಗ ಕಾಣುತ್ತದೆ. ಫ್ರಿಜ್ ಎಂದಿನಂತೆ ನಡೆಯುತ್ತಿರುತ್ತದೆ, ಫ್ಯಾನು ತಿರುಗುತ್ತದೆ; ದೂರವಾಣಿಯ ಮೋಡೆಮ್ ಮಾತ್ರ ಕರಕಲಾಗಿರುತ್ತದೆ, ಇಲ್ಲವೇ ಟಿ.ವಿ.ಯ ಸೆಟ್‌ಟಾಪ್ ಪೆಟ್ಟಿಗೆ ಸತ್ತಿರುತ್ತದೆ. ಇದರ ಕಾರಣವನ್ನು ಗೃಹಸ್ಥರೆಲ್ಲರೂ ಅರಿಯುವುದು ಅವಶ್ಯ. ಫ್ರಿಜ್ಜಿಗೆ ಇರುವುದು ಕರೆಂಟಿನ ತಂತಿಯೊಂದೇ. ಮೋಡೆಮ್ಮಿಗೆ ಕರೆಂಟಿನ ತಂತಿಯ ಜೊತೆಗೆ ದೂರವಾಣಿಯ ತಂತಿಯೂ ಉಂಟು. ಸೆಟ್‌ಟಾಪ್ ಪೆಟ್ಟಿಗೆಗೆ ಒಂದು ಕಡೆ ಕರೆಂಟು, ಇನ್ನೊಂದು ಕಡೆ ಮಾಳಿಗೆಯ ಮೇಲಿನ ಡಿಶ್ಶಿನಿಂದ ಇಳಿದ ಕೇಬಲ್ಲು. ಸಿಡಿಲು ಹತ್ತಿರ ಬಿದ್ದ ಕ್ಷಣದಲ್ಲಿ ಈ ಎರಡು ತಂತಿಗಳ ಒತ್ತಡ ಒಂದೇ ಆಗಿರುವುದಿಲ್ಲ. ಒಂದು ಏರಿರುತ್ತದೆ, ಇನ್ನೊಂದು ಏರಿರುವುದಿಲ್ಲ. ಎರಡಕ್ಕೂ ಸೇತುವೆಯಾಗಿ ನಿಂತ ಯಂತ್ರದ ಒಳಗಿನಿಂದಲೇ ವಿದ್ಯುತ್ತು ಹಾಯುತ್ತದೆ, ಯಂತ್ರ ಸುಡುತ್ತದೆ.

ಪರಿಹಾರ ಇದರಲ್ಲಿಯೇ ಅಡಗಿದೆ. ಮನೆಗೆ ಬರುವ ಕರೆಂಟು, ದೂರವಾಣಿ, ಡಿಶ್ಶಿನ ಕಂಬ ಇವೆಲ್ಲಕ್ಕೂ ಅರ್ಥಿಂಗ್ ಒಂದೇ ಆಗಿರಬೇಕು, ಅಥವಾ ಬೇರೆ ಬೇರೆ ಇದ್ದರೆ ಅವುಗಳನ್ನು ದಪ್ಪ ತಾಮ್ರದ ತಂತಿಯಿಂದ ಒಂದುಗೂಡಿಸಬೇಕು. ಆಗ ಎಲ್ಲ ತಂತಿಗಳ ಒತ್ತಡವೂ ಕೂಡಿಯೇ ಏರಿ ಕೂಡಿಯೇ ಇಳಿಯುತ್ತದೆ. ಡಿಶ್ ಕೂರಿಸಲು ಬಂದವರು ಇದನ್ನು ತಾವಾಗಿ ಮಾಡುವುದು ಕಡಿಮೆ. ನಾವೇ ಕೇಳಿ ಮಾಡಿಸಿಕೊಳ್ಳಬೇಕು.

ಅರ್ಥಿಂಗಿನ ಬಗೆಗೆ ನಮ್ಮ ಭಾಗದವರು ಗಮನಿಸತಕ್ಕ ವಿಷಯ ಇನ್ನೊಂದಿದೆ. ನಮ್ಮ ಎರೆಭೂಮಿ ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ. ಇದ್ದಿಲು ಉಪ್ಪು ತುಂಬಿ ಪೈಪು ಹೂತ ಗುಂಡಿ ಏಪ್ರಿಲ್ ತಿಂಗಳಿಗೆ ಬೂದಿಯಂತಾಗಿ, ಪೈಪಿಗೂ ಮಣ್ಣಿಗೂ ಸಂಬಂಧವೇ ಇಲ್ಲದಂತಾಗುತ್ತದೆ. ಅಡ್ಡಮಳೆಯ ಮೊದಲ ಗುಡುಗು ಬರುವುದು ಆಗಲೇ. ಮಳೆಗಾಲದಲ್ಲಿ ಪರೀಕ್ಷಿಸಿದಾಗ ಚೆನ್ನಾಗಿಯೇ ಇದ್ದ ಅರ್ಥಿಂಗ್ ಬೇಕಾದ ದಿನ ಕೈಕೊಡುವುದು ಹೀಗೆ. ಯುಗಾದಿಯಿಂದ ಮಳೆ ಹಿಡಿಯುವವರೆಗೆ ವಾರಕ್ಕೆ ಎರಡು ಸಲ ಆ ಗುಂಡಿಗೆ ಎರಡು ಕೊಡ ನೀರು ಹಾಕುವುದು ಖರ್ಚಿಲ್ಲದ ಕೆಲಸ. ತುಳಸಿಗೆ ನೀರೆರೆಯುವ ಹೊತ್ತಿಗೆ ನೆನಪಿಟ್ಟುಕೊಂಡರಾಯಿತು. ಹಳೆಯ ಮನೆಗಳಲ್ಲಿ ಈ ಗುಂಡಿಯ ಮೇಲೆ ಫರಸಿ ಹಾಸಿ ಮುಚ್ಚಿಬಿಟ್ಟಿರುವುದೂ ಉಂಟು. ಅಂಥಲ್ಲಿ ಮೊದಲು ಅದನ್ನು ಹುಡುಕಬೇಕಾದೀತು!

ಇಷ್ಟೆಲ್ಲ ಮಾಡಿದರೂ ಪ್ಲಗ್ ಕಿತ್ತಿಡುವುದಕ್ಕೆ ಸಮನಾದ ರಕ್ಷಣೆ ಇಲ್ಲ. ಸ್ವಿಚ್ ಆರಿಸಿದರೆ ಸಾಕೆಂಬ ನಂಬಿಕೆ ತಪ್ಪು. ಸ್ವಿಚ್ಚು ಬಿಡಿಸುವುದು ಒಂದೇ ತಂತಿಯನ್ನು. ಉಳಿದೆರಡು ಜೋಡಣೆಯಾಗಿಯೇ ಇರುತ್ತವೆ. ಬಿಡಿಸಿದ ಕಡೆಯೂ ಇರುವ ಅಂತರ ಕೆಲವು ಮಿಲಿಮೀಟರ್ ಮಾತ್ರ. ಒಂದು ಸೆಂಟಿಮೀಟರ್ ಗಾಳಿಯನ್ನು ಜಿಗಿಯಲು ಸುಮಾರು 30,000 ವೋಲ್ಟ್ ಸಾಕು. ಗಾಳಿ ಎದ್ದೊಡನೆ ಕರೆಂಟು ಹೋಯಿತು, ಇನ್ನು ಭಯವಿಲ್ಲ ಎಂದು ನಿಶ್ಚಿಂತೆಯಿಂದ ಕೂರುವವರೂ ಇದ್ದಾರೆ. ಹೋದದ್ದು ಕರೆಂಟು, ತಂತಿಯಲ್ಲ. ಸಿಡಿಲಿಗೆ ತಂತಿಯಿದ್ದರೆ ಸಾಕು. ಸ್ಟೆಬಿಲೈಸರನ್ನು ನಂಬುವುದೂ ವ್ಯರ್ಥ. ಅದು ನಿಧಾನವಾಗಿ ಏರಿಳಿಯುವ ವೋಲ್ಟೇಜಿಗೆಂದು ಮಾಡಿದ್ದು. ಸಿಡಿಲಿನ ಅಲೆ ಅದು ಎಚ್ಚರಾಗುವ ಮೊದಲೇ ದಾಟಿಹೋಗಿರುತ್ತದೆ. ಮೀಟರ್ ಬೋರ್ಡಿನಲ್ಲಿ ಕೂರಿಸುವ ಸರ್ಜ್ ರಕ್ಷಕ ಸಾಧನಗಳು ಉಪಯುಕ್ತವಾದರೂ ಅರ್ಥಿಂಗ್ ಸರಿಯಿಲ್ಲದಿದ್ದರೆ ಅವು ನಿಷ್ಪ್ರಯೋಜಕ. ದೊಡ್ಡ ಏಟುಗಳನ್ನು ತಡೆಯುತ್ತ ತಾವೂ ಸವೆಯುತ್ತವೆ. ಅವುಗಳ ಸೂಚಕ ಬಣ್ಣ ಬದಲಾದಾಗ ಹೊಸದನ್ನು ಹಾಕಿಸಬೇಕು.

ಪ್ಲಗ್ ಕೀಳುವ ಸಮಯವೂ ಮುಖ್ಯ. ಮಿಂಚಿಗೂ ಗುಡುಗಿಗೂ ನಡುವೆ ಮೂರು ಸೆಕೆಂಡು ಕಳೆದರೆ ಸಿಡಿಲು ಒಂದು ಕಿಲೋಮೀಟರ್ ದೂರವಿದೆಯೆಂದು ಲೆಕ್ಕ. ಮೂವತ್ತು ಸೆಕೆಂಡು ಎಂದರೆ ಹತ್ತು ಕಿಲೋಮೀಟರ್. ಅಲ್ಲಿಯವರೆಗಿನ ಗುಡುಗು ಕೇಳಿದಾಗಲೇ ಕೆಲಸ ಮುಗಿಸಿರಬೇಕು. ನೆತ್ತಿಯ ಮೇಲೆ ಗುಡುಗುವಾಗ ಟಿ.ವಿ. ಉಳಿಸಲೆಂದು ಓಡಿಹೋಗಿ ತಂತಿಗೆ ಕೈ ಹಾಕುವುದು ಅವಿವೇಕ. ಯಂತ್ರ ಹೋದರೆ ಹೋಗಲಿ. ಕೊನೆಯ ಗುಡುಗಿನಿಂದ ಅರ್ಧ ಗಂಟೆ ಕಳೆದ ಮೇಲೆ ಮತ್ತೆ ಜೋಡಿಸಬಹುದು. ಪುಣೆಯ ಭಾರತೀಯ ಉಷ್ಣವಲಯದ ಹವಾಮಾನ ಸಂಸ್ಥೆ ರೂಪಿಸಿದ ‘ದಾಮಿನಿ’ ಎಂಬ ಆ್ಯಪ್ ಸುತ್ತಮುತ್ತ ಸಿಡಿಲು ಬೀಳುತ್ತಿರುವುದನ್ನು ಮುಂಚಿತವಾಗಿ ತಿಳಿಸುತ್ತದೆ. ಮನೆಯ ಮಕ್ಕಳಿಗೆ ಹೇಳಿ ಅದನ್ನು ಹಾಕಿಸಿಕೊಳ್ಳುವುದು ಒಳ್ಳೆಯದು.

ಇಲ್ಲಿ ನಮ್ಮ ಮನಸ್ಸನ್ನು ಕಾಡುವ ಸಂಗತಿಯೊಂದಿದೆ. ಅನೇಕ ಮನೆಗಳಲ್ಲಿ ಈಗ ವಯಸ್ಸಾದ ದಂಪತಿಗಳಿಬ್ಬರೇ ಇರುತ್ತಾರೆ. ಮಕ್ಕಳು ಬೆಂಗಳೂರು, ಪುಣೆ ಸೇರಿದ್ದಾರೆ. ಸಂಜೆಯ ಪೂಜೆ ಮುಗಿದ ಮೇಲೆ ಬರುವ ಒಂದು ಕರೆಯೇ ಅವರ ದಿನದ ಸಮಾಧಾನ. ಸಿಡಿಲಿಗೆ ಆ ತಂತಿ ಸತ್ತರೆ ಅತ್ತ ಮಕ್ಕಳಿಗೆ ಗಾಬರಿ, ಇತ್ತ ತಾಯಿಗೆ ನಿದ್ರೆಯಿಲ್ಲ. ಪ್ಲಗ್ ಕಿತ್ತಿಡಿ ಎಂದು ಅವರಿಗೆ ಹೇಳುವುದು ಸುಲಭ, ಆದರೆ ಟಿ.ವಿ. ಮೇಜಿನ ಹಿಂದೆ, ನೆಲಕ್ಕೆ ಅಂಟಿದಂತಿರುವ ಪ್ಲಗ್ಗಿಗೆ ಎಪ್ಪತ್ತೈದರ ಅಜ್ಜಿ ಬಗ್ಗುವುದೆಂತು? ಹಬ್ಬಕ್ಕೆ ಊರಿಗೆ ಬಂದ ಮಕ್ಕಳು ಟಿ.ವಿ., ಸೆಟ್‌ಟಾಪ್, ಮೋಡೆಮ್ ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸೇರಿಸಿ, ಅದರ ಒಂದು ಪ್ಲಗ್ಗನ್ನು ಸೊಂಟದ ಎತ್ತರದಲ್ಲಿ ಕೈಗೆಟಕುವಂತೆ ಮಾಡಿಸಿಕೊಡಲಿ. ಪಕ್ಕದಲ್ಲಿಯೇ ದೂರವಾಣಿ ಮತ್ತು ಡಿಶ್ಶಿನ ತಂತಿಗಳೂ ಸುಲಭವಾಗಿ ಬಿಚ್ಚುವಂತಿರಲಿ; ಕರೆಂಟನ್ನಷ್ಟೇ ಬಿಡಿಸಿ ಅವುಗಳನ್ನು ಹಾಗೆಯೇ ಬಿಟ್ಟರೆ ಅರ್ಧ ಕೆಲಸವಾದಂತೆ. ಹೊಸದಾಗಿ ಬಂದ ಗಾಜಿನ ಎಳೆಯ ಫೈಬರ್ ಸಂಪರ್ಕದಲ್ಲಿ ಎಳೆಯ ಮೂಲಕ ಸಿಡಿಲು ಬಾರದು. ಆದರೆ ಎಳೆಗೆ ಬಲ ಕೊಡಲು ಕೆಲವು ಕೇಬಲ್ಲುಗಳಲ್ಲಿ ಉಕ್ಕಿನ ತಂತಿ ಇರುತ್ತದೆ. ಅದನ್ನು ಮನೆಯ ಹೊರಗೇ ತುಂಡರಿಸಿ ನಿಲ್ಲಿಸಲು ಹೇಳಬೇಕು.

ಮಠ, ಗುಡಿಗಳ ಶಿಖರದ ಮೇಲಿನ ತಾಮ್ರದ ಕಳಸ ಸಿಡಿಲನ್ನು ತಡೆಯುತ್ತದೆಂದು ಹಲವರು ತಿಳಿದಿದ್ದಾರೆ. ಕಳಸದಿಂದ ನೆಲದವರೆಗೆ ತಡೆಯಿಲ್ಲದ ಲೋಹದ ಪಟ್ಟಿ ಇಳಿದಿದ್ದರೆ ಮಾತ್ರ ಅದು ನಿಜ. ಪ್ರವಚನದ ವೇಳೆ ಗುಡುಗು ಆರಂಭವಾದರೆ ತಂತಿಯ ಮೈಕನ್ನು ಕೆಳಗಿಟ್ಟು ಧ್ವನಿವರ್ಧಕ ಬಿಡಿಸಬೇಕು; ಪೂಜ್ಯರೂ ಇದಕ್ಕೆ ಒಪ್ಪದೆ ಇರಲಾರರು.

ಹಾನಿ ಆಗಿಯೇ ಹೋದರೆ ಸುಟ್ಟ ವಾಸನೆಯ ಯಂತ್ರವನ್ನು ಮತ್ತೆ ಹಚ್ಚಿ ನೋಡಕೂಡದು. ಗೋಡೆಯ ತಂತಿ ಕರಗಿರಬಹುದಾದ್ದರಿಂದ ಮೊದಲು ವಿದ್ಯುತ್ ಕೆಲಸಗಾರರಿಂದ ವೈರಿಂಗ್ ಪರೀಕ್ಷಿಸಬೇಕು. ಕಂಬದ ಕಡೆಯ ದೋಷಕ್ಕೆ ಹೆಸ್ಕಾಂನ 1912ಕ್ಕೆ ದೂರು ಕೊಡಬೇಕು. ದೂರವಾಣಿ ಸತ್ತಿದ್ದರೆ ನೆರೆಮನೆಯ ಉಪಕರಣವನ್ನು ಹಚ್ಚಿ ನೋಡಿದರೆ ಕೆಟ್ಟದ್ದು ಉಪಕರಣವೋ ತಂತಿಯೋ ಗೊತ್ತಾಗುತ್ತದೆ. ಯಂತ್ರದ ಗ್ಯಾರಂಟಿ ಸಾಮಾನ್ಯವಾಗಿ ಸಿಡಿಲಿನ ಹಾನಿಗೆ ಅನ್ವಯಿಸುವುದಿಲ್ಲ. ಮನೆಯ ವಿಮೆ ಮಾಡಿಸಿದವರು ಪತ್ರವನ್ನು ಪೂರ್ತಿ ಓದಬೇಕು. ಸಿಡಿಲಿನ ಹಾನಿ ಸೇರಿದೆ ಎಂದು ಮೊದಲ ಪುಟದಲ್ಲಿದ್ದರೂ, ಅಧಿಕ ವಿದ್ಯುತ್ ಒತ್ತಡದಿಂದ ಕೆಟ್ಟ ಯಂತ್ರಕ್ಕೆ, ಕಾರಣ ಸಿಡಿಲೇ ಆಗಿದ್ದರೂ, ಹಣ ಸಲ್ಲದು ಎಂಬ ಷರತ್ತು ಅನೇಕ ಬೆಂಕಿ ವಿಮಾ ಪತ್ರಗಳ ಒಳಪುಟದಲ್ಲಿರುತ್ತದೆ. ಯಂತ್ರಗಳಿಗೂ ರಕ್ಷಣೆ ಬೇಕಾದವರು ಅದನ್ನು ಪ್ರತ್ಯೇಕವಾಗಿ ಕೇಳಿ, ಮುಂದಿನ ಭರಣಿ ಮಳೆಗೆ ಮುಂಚೆಯೇ ಬರೆಸಿಕೊಳ್ಳತಕ್ಕದ್ದು.