ಪ್ರಸಾರಕ್ಕೆ ಮುನ್ನ ಪರೀಕ್ಷೆ

'ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು' ಎಂಬುದು ಹಿರಿಯರ ನುಡಿ. ದೂರದರ್ಶನಕ್ಕೆ ಇದು ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಗಾಯಕನೊಬ್ಬನ ಸ್ವರ ತಪ್ಪಿದರೆ ಸಭೆಯೊಂದು ಬೇಸರಪಡಬಹುದು. ದೂರದರ್ಶನದಲ್ಲಿ ತಪ್ಪು ನುಸುಳಿದರೆ ಅದು ಲಕ್ಷಾಂತರ ಮನೆಗಳನ್ನು ಏಕಕಾಲಕ್ಕೆ ತಲುಪಿಬಿಡುತ್ತದೆ.

ಮುಂಬಯಿಯಲ್ಲಿ ದೂರದರ್ಶನ ಕೇಂದ್ರ ಆರಂಭವಾದುದು 1972ರ ಅಕ್ಟೋಬರ್ 2ರಂದು. ಆ ಕಾಲದಲ್ಲಿ ಪ್ರೇಕ್ಷಕನಿಗಿದ್ದುದು ನೋಡುವ, ಕೇಳುವ ಕೆಲಸ ಮಾತ್ರ. 2012ರ ಅಕ್ಟೋಬರ್ ಅಂತ್ಯಕ್ಕೆ ನಗರದ ಕೇಬಲ್ ಪ್ರಸಾರ ಡಿಜಿಟಲ್ ಆಗಬೇಕೆಂಬ ನಿಯಮ ಬಂದ ಮೇಲೆ, ಬೊರಿವಲಿಯ ಕೇಬಲ್ ಮನೆಗಳಿಗೂ ಸೆಟ್-ಟಾಪ್ ಬಾಕ್ಸ್ ಎಂಬ ಪುಟ್ಟ ಪೆಟ್ಟಿಗೆ ಬಂದಿತು. ಅದಕ್ಕೂ ಮೊದಲೇ ಡಿಟಿಎಚ್ ಸೇವೆಯೊಂದು ಅಡುಗೆ, ಮಕ್ಕಳ ಪಾಠ ಮೊದಲಾದುವನ್ನು ರಿಮೋಟಿನ ಗುಂಡಿಯೊತ್ತಿ ಆಯ್ದುಕೊಳ್ಳುವ ಸೌಲಭ್ಯ ನೀಡಿತ್ತು. ಹೀಗೆ ಪ್ರೇಕ್ಷಕನು ಉತ್ತರ ಕೊಡಬಲ್ಲ ಪ್ರಸಾರವನ್ನೇ ಸಂವಾದಾತ್ಮಕ ದೂರದರ್ಶನವೆನ್ನುತ್ತಾರೆ.

ಇದರ ಹಿಂದಿನ ಕ್ರಮ ಕುತೂಹಲಕರವಾದುದು. ಚಿತ್ರ ಮತ್ತು ಧ್ವನಿಗಳ ಜೊತೆಯಲ್ಲಿ ಒಂದು ಕಿರುತಂತ್ರಾಂಶವನ್ನೂ ಚೂರುಚೂರಾಗಿ ಮಾಡಿ ಮತ್ತೆ ಮತ್ತೆ ಪ್ರಸಾರ ಮಾಡಲಾಗುತ್ತದೆ. ಬೊರಿವಲಿ ನಿಲ್ದಾಣದಲ್ಲಿ ಒಂದು ಲೋಕಲ್ ತಪ್ಪಿಸಿಕೊಂಡವರು ಮುಂದಿನದಕ್ಕೆ ಕಾಯುವಂತೆ, ಒಂದು ಸುತ್ತಿನಲ್ಲಿ ಚೂರು ಕೈತಪ್ಪಿದರೆ ಪೆಟ್ಟಿಗೆಯು ಮುಂದಿನ ಸುತ್ತಿಗೆ ಕಾಯಬೇಕು. ಸುತ್ತು ನಿಧಾನವಾದರೆ ನೋಡುವವರ ತಾಳ್ಮೆ ಕೆಡುತ್ತದೆ.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಸಾಕು. ಆದರೆ ಇಲ್ಲಿ ಆ ನ್ಯಾಯ ನಡೆಯದು. ಏಕೆಂದರೆ ಮನೆಮನೆಯ ಪೆಟ್ಟಿಗೆ ಬೇರೆ, ಅದರ ಸ್ಮರಣಶಕ್ತಿ ಬೇರೆ. ಆದುದರಿಂದ ಪ್ರಸಾರಕ್ಕೆ ಮುನ್ನ ಹಳೆಯ, ನಿಧಾನವಾದ ಪೆಟ್ಟಿಗೆಗಳಲ್ಲಿಯೂ ತಂತ್ರಾಂಶವನ್ನು ಓಡಿಸಿ ನೋಡಬೇಕಾಗುತ್ತದೆ. ಅದು ತೆರೆಯಲು ಎಷ್ಟು ಹೊತ್ತು ಹಿಡಿಯುತ್ತದೆ? ನಡುವೆ ಚಾನೆಲ್ ಬದಲಿಸಿದರೆ ಪರದೆ ಸ್ತಬ್ಧವಾಗುವುದೇ? ಹೊರಬರುವ ಗುಂಡಿ ಎಲ್ಲ ಪುಟಗಳಲ್ಲಿಯೂ ಕೆಲಸ ಮಾಡುವುದೇ? ಕನ್ನಡದ ಒತ್ತಕ್ಷರಗಳು ಚದುರದೆ ಮೂಡುವುವೇ? ಔಷಧದ ಪ್ರಮಾಣವನ್ನು ತಿಳಿಸುವ ಪುಟದಲ್ಲಿ ಒಂದು ದಶಾಂಶ ಬಿಂದು ಕಾಣದೆ ಹೋದರೆ ಅದು ಬರಿಯ ಮುದ್ರಣದೋಷವಲ್ಲ, 2.5 ಎಂಬುದು 25 ಆಗಿಬಿಡುತ್ತದೆ! ಯೂರೋಪಿನಲ್ಲಿ 2010ರಲ್ಲಿ ಪ್ರಕಟವಾದ ಎಚ್‌ಬಿಬಿಟಿವಿ ಎಂಬ ಮಾನದಂಡಕ್ಕೆ ಪರೀಕ್ಷೆಗಳ ಒಂದು ದೊಡ್ಡ ಸಂಗ್ರಹವೇ ಜೊತೆಗೂಡಿರುವುದು ಈ ಕಾರಣದಿಂದಲೇ.

ಪರೀಕ್ಷೆಯ ಅಭಾವದಿಂದ ಆರೋಗ್ಯಕ್ಕೇ ಧಕ್ಕೆಯಾದ ಉದಾಹರಣೆ ಜಪಾನಿನದು. 1997ರ ಡಿಸೆಂಬರ್ 16ರ ಸಂಜೆ 'ಪೋಕೆಮಾನ್' ಎಂಬ ಮಕ್ಕಳ ಕಾರ್ಟೂನಿನಲ್ಲಿ ಕೆಂಪು-ನೀಲಿ ಬೆಳಕು ಸೆಕೆಂಡಿಗೆ ಸುಮಾರು 12 ಬಾರಿ ಮಿನುಗಿತು. ಅದಿದ್ದುದು ಕೆಲವೇ ಸೆಕೆಂಡುಗಳು. ಆದರೆ ಸೆಳೆತ, ವಾಂತಿ, ತಲೆಸುತ್ತುಗಳಿಂದ 600ಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಅವರಲ್ಲಿ ಬಹುತೇಕರು ಮಕ್ಕಳು. ಬೆಳಕಿನ ಮಿನುಗಿನಿಂದ ಅಪಸ್ಮಾರ ಕೆರಳುವ ಸ್ವಭಾವ ತಮಗಿದೆಯೆಂಬುದು ಕೆಲವರಿಗೆ ಅದುವರೆಗೆ ತಿಳಿದೇ ಇರಲಿಲ್ಲ. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಬಾರಿ ತೀವ್ರವಾಗಿ ಮಿನುಗುವ ದೃಶ್ಯ ಸಲ್ಲದೆಂಬುದು ಇಂದು ಮಾನ್ಯವಾದ ಸೂತ್ರ. ಗುಂಡಿಯೊತ್ತಿದೊಡನೆ ಮೂಡುವ ಆಟ, ಜಾಹೀರಾತುಗಳಿಗೂ ಈ ಸೂತ್ರ ಅನ್ವಯವಾಗಬೇಕು.

ಯಂತ್ರದ ಪರೀಕ್ಷೆಯಷ್ಟೇ ಸಾಲದು, ಜನರ ನಡುವಿನ ಪರೀಕ್ಷೆಯೂ ಬೇಕು. ಈ ವಿವೇಕ ನಮ್ಮ ನಾಡಿಗೆ ಹೊಸದೇನಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ನಡೆದ 'ಸೈಟ್' ಪ್ರಯೋಗದಲ್ಲಿ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕೃಷಿ, ಆರೋಗ್ಯ, ಶಿಕ್ಷಣದ ಕಾರ್ಯಕ್ರಮಗಳು ತಲುಪಿದುವು. ಕರ್ನಾಟಕದ ವಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳೂ ಅದರಲ್ಲಿದ್ದುವು. ಅಂದು ಸಮಾಜವಿಜ್ಞಾನಿಗಳು ಹಳ್ಳಿಗಳಲ್ಲಿ ತಂಗಿ, ಪ್ರಸಾರದ ಮೊದಲೂ ನಡುವೆಯೂ ಅನಂತರವೂ ಜನರ ತಿಳುವಳಿಕೆಯನ್ನು ಅಧ್ಯಯನ ಮಾಡಿದರು. ನೋಡುವವರಿಗೆ ಅರ್ಥವಾಯಿತೇ ಎಂಬುದೇ ಅವರ ಮುಖ್ಯ ಪ್ರಶ್ನೆ.

ಅದೇ ಪ್ರಶ್ನೆಯನ್ನು ಇಂದು ಬೊರಿವಲಿಯ ಮನೆಯ ಅಜ್ಜಿಯ ಮುಂದಿಟ್ಟು ಕೇಳಬೇಕು. ಕಣ್ಣಿಗೆ ಪೊರೆ ಬಂದಿರುವ, ಬೆರಳು ನಡುಗುವ ಆಕೆಗೆ ಅಕ್ಷರಗಳು ಕಾಣುತ್ತವೆಯೇ? ಕೆಂಪು-ಹಸಿರುಗಳ ಭೇದ ತಿಳಿಯದವರಿಗೆ ಗುಂಡಿಯ ಹೆಸರನ್ನೂ ಬರೆದಿದೆಯೇ? ಅರಿಯದೆ ಗುಂಡಿಯೊತ್ತಿದರೆ ಹಣ ಕಡಿತವಾಗುವ ಮುನ್ನ ಒಪ್ಪಿಗೆ ಕೇಳಲಾಗುತ್ತದೆಯೇ? ಚುರುಕಾದ ಯುವ ತಂತ್ರಜ್ಞನೊಬ್ಬನೇ ಪರೀಕ್ಷಿಸಿದರೆ ಇವು ಗಮನಕ್ಕೆ ಬರುವುದು ಕಷ್ಟ.

ಮನೆಯಲ್ಲಿಯೂ ಕೆಲವು ಎಚ್ಚರಿಕೆಗಳು ಅಗತ್ಯ. ಕೋಣೆಯ ದೀಪವನ್ನು ಉರಿಸಿಯೇ ದೂರದರ್ಶನ ನೋಡಬೇಕು. ಮಕ್ಕಳನ್ನು ಪರದೆಯಿಂದ ದೂರ ಕೂರಿಸಬೇಕು. ಮಿನುಗುವ ದೃಶ್ಯದಿಂದ ತೊಂದರೆಯೆನಿಸಿದರೆ ಒಂದು ಕಣ್ಣನ್ನು ಅಂಗೈಯಿಂದ ಪೂರ್ತಿಯಾಗಿ ಮುಚ್ಚಿ ಮುಖ ತಿರುಗಿಸಬೇಕು. ಬಳಿಕ ವೈದ್ಯರನ್ನು ಕಾಣಬೇಕು. ಪರದೆಯ ಮೇಲಿನ ಆರೋಗ್ಯ ಸಲಹೆಯನ್ನು ವೈದ್ಯರಲ್ಲಿ ಕೇಳಿ ತಿಳಿಯದೆ ಅನುಸರಿಸಬಾರದು.

ಔಷಧವು ರೋಗಿಯ ಕೈ ಸೇರುವ ಮುನ್ನ ಪರೀಕ್ಷೆಗೆ ಒಳಪಡುತ್ತದೆ. ಮನೆಯೊಳಗೆ ಬಂದು, ಮಕ್ಕಳು-ಮುದುಕರೆನ್ನದೆ ಎಲ್ಲರೊಡನೆ ಮಾತಾಡುವ ಪರದೆಗೂ ಅಂತಹುದೇ ಪರೀಕ್ಷೆ ಬೇಕು. ಅತ್ಯಂತ ದುರ್ಬಲನಾದ ಪ್ರೇಕ್ಷಕನಿಗೂ ಹಾನಿಯಾಗದೆಂಬ ಭರವಸೆ ಮೂಡಿದ ಮೇಲೆಯೇ ಪ್ರಸಾರ ಆರಂಭವಾಗುವುದು ಕ್ಷೇಮಕರ.